ಹಳೆಯ ಆವೃತ್ತಿಯ ಪೂರಕ ಪುಸ್ತಕಗಳನ್ನು ಆರಿಸುವುದು ಹೇಗೆ: ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ನಮ್ಮ ತಂಡ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಲು ಕೂರುವುದು ರಾತ್ರಿ ಊಟವಾದ ಮೇಲೆ, ಮಾಳಿಗೆಯ ಮೇಲೆ. ಡಂಜನ್ ಮಾಸ್ಟರ್ ಎಂಬ ಒಬ್ಬರು ಕಥೆ ನಡೆಸಿ, ಉಳಿದವರು ತಲಾ ಒಂದು ಪಾತ್ರವಾಗಿ ಮಾತು ಮತ್ತು ದಾಳಗಳಿಂದ ಆಡುವ ಆಟ ಇದು. ನಿಯಮಗಳನ್ನು ತಿದ್ದಿ ಹೊರತಂದಾಗಲೆಲ್ಲ ಅದು ಹೊಸ ಆವೃತ್ತಿ; ಮೂಲ ನಿಯಮಪುಸ್ತಕಗಳ ಜೊತೆಗೆ ಬರುವ ಹೆಚ್ಚುವರಿ ಪುಸ್ತಕಗಳೇ ಪೂರಕ ಪುಸ್ತಕಗಳು. ಮೇ ತಿಂಗಳಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಐದಾರು ಜನ ಒಂದೇ ಕೋಣೆಯಲ್ಲಿ ನಾಲ್ಕು ತಾಸು ಕೂರುವ ಮಾತೇ ಇಲ್ಲ. ತಂಡದ ಪುಸ್ತಕಗಳೆಲ್ಲ ನನ್ನ ಮನೆಯ ಒಂದು ಟ್ರಂಕಿನಲ್ಲಿವೆ; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾವು ಈಗ ಆಡುತ್ತಿರುವ ಐದನೇ ಆವೃತ್ತಿಗೆ ಸೇರಿದವಲ್ಲ. ಆ ಹಳೆಯ ಪುಸ್ತಕಗಳಲ್ಲಿ ಕೆಲವು ವರ್ಷಗಟ್ಟಲೆ ಆಟಕ್ಕೆ ಒದಗಿವೆ, ಕೆಲವನ್ನು ಒಮ್ಮೆಯೂ ಬಳಸಲಾಗಲಿಲ್ಲ. ಒದಗಿದವು ಒಳ್ಳೆಯ ಪುಸ್ತಕಗಳು, ಒದಗದವು ಕೆಟ್ಟವು ಎಂದು ಬಹಳ ದಿನ ತಿಳಿದಿದ್ದೆ, ಅದು ತಪ್ಪು. ಆಟದ ಪುಸ್ತಕದಲ್ಲಿ ಮೊದಲು ಹಳತಾಗುವುದು ಅದರ ಲೆಕ್ಕ, ಎಂದರೆ ನಿಯಮದ ಅಂಕಿಗಳು. ಊರು, ನಕ್ಷೆ, ಜನ, ಅವರವರ ನಡುವಿನ ಹಗೆತನ ಹಾಗೆ ಹಳತಾಗುವುದಿಲ್ಲ. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತನ್ನೇ ಹಿಡಿದು ಸಾಗುತ್ತವೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಪುಸ್ತಕ ಯಾವ ಆವೃತ್ತಿಯದು ಎಂದು ಗುರುತಿಸುವುದು

ಇದು ಸುಲಭದ ಕೆಲಸವೆಂದು ತೋರುತ್ತದೆ, ಆದರೆ ಮುಖಪುಟ ನೋಡಿ ನಿರ್ಧರಿಸುವವರು ಎಡವುವುದು ಇಲ್ಲಿಯೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಮೂಲ ಆಟ 1974ರಲ್ಲಿ ಟಿಎಸ್ಆರ್ ಕಂಪನಿಯಿಂದ ಹೊರಬಂತು. ಆ ಬಳಿಕ ಅದು ಎರಡು ಕವಲುಗಳಾಯಿತು. ಒಂದು, 1977ರಿಂದ 1979ರ ಅವಧಿಯಲ್ಲಿ ಮೂರು ದಪ್ಪ ಪುಸ್ತಕಗಳಾಗಿ ಬಂದ 'ಅಡ್ವಾನ್ಸ್ಡ್' ಆಟ. ಮುಂದೆ ಮೊದಲ ಆವೃತ್ತಿ ಎನ್ನುವುದು ಇದನ್ನೇ; ಇದರ ಎರಡನೇ ಆವೃತ್ತಿ 1989ರದು. ಇನ್ನೊಂದು, 1977ರಲ್ಲಿ ಬಂದು 1981 ಮತ್ತು 1983ರಲ್ಲಿ ಪರಿಷ್ಕರಣೆಗೊಂಡು ಪೆಟ್ಟಿಗೆಯಲ್ಲಿ ಮಾರಾಟವಾದ 'ಬೇಸಿಕ್' ಆಟ. ಎರಡೂ ಕವಲುಗಳ ಪುಸ್ತಕಗಳು ಒಂದೇ ಕಾಲದಲ್ಲಿ, ಒಂದೇ ಕಂಪನಿಯಿಂದ, ನೋಡಲು ಬಹುತೇಕ ಒಂದೇ ಬಗೆಯ ಹೊದಿಕೆಯಲ್ಲಿ ಬಂದವು. ಆದ್ದರಿಂದ 'ಅಡ್ವಾನ್ಸ್ಡ್' ಎಂಬ ಪದ ಮುಖಪುಟದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಟಿಎಸ್ಆರ್ ಅನ್ನು ಕೊಂಡಿತು. 2000ದಲ್ಲಿ ಮೂರನೇ ಆವೃತ್ತಿ, 2003ರಲ್ಲಿ ಅದರ ತಿದ್ದಿದ ರೂಪವಾದ 3.5, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು ಬಂದವು. ಐದನೆಯ ಆವೃತ್ತಿಯ ಮೂಲ ಪುಸ್ತಕಗಳನ್ನು 2024ರಲ್ಲಿ ಪರಿಷ್ಕರಿಸಲಾಯಿತು. ಆ ಸಾಲಿನ ಮಾನ್ಸ್ಟರ್ (ಎದುರಾಳಿ ಜೀವಿಗಳ) ಪುಸ್ತಕ 2025ರ ಫೆಬ್ರವರಿಯಲ್ಲಿ ಬಂತು. ಈ ಇಸವಿಗಳು ನೆನಪಿದ್ದರೆ ಒಳಪುಟದ ಮುದ್ರಣ ವಿವರವನ್ನು ಓದಿದ ಕೂಡಲೇ ಆವೃತ್ತಿ ತಿಳಿಯುತ್ತದೆ. ಒಳಪುಟ ಹರಿದುಹೋಗಿದ್ದರೆ ಯಾವುದಾದರೊಂದು ಮಾನ್ಸ್ಟರ್‌ನ ವಿವರವನ್ನು ನೋಡಿ. 'ಥ್ಯಾಕೊ' ಎಂಬ ದಾಳಿಯ ಅಂಕಿ (ಇದರ ಅರ್ಥ ನಾಲ್ಕನೇ ಹೆಜ್ಜೆಯಲ್ಲಿದೆ) ಇದ್ದರೆ ಅದು ಹೆಚ್ಚಾಗಿ ಎರಡನೇ ಆವೃತ್ತಿ. ಮೂರನೆಯದರಲ್ಲಿ 3.0 ಯಾವುದು, 3.5 ಯಾವುದು ಎಂಬ ಗೊಂದಲವಿದ್ದರೆ ಪೆಟ್ಟನ್ನು ತಗ್ಗಿಸುವ ಶಕ್ತಿಯ ಬರಹ ದಾರಿ ತೋರಿಸುತ್ತದೆ: '10/+1' ಎಂದು ಬರೆದಿದ್ದರೆ 2003ಕ್ಕಿಂತ ಹಿಂದಿನದು, '10/ಮ್ಯಾಜಿಕ್' ಎಂದಿದ್ದರೆ ಅನಂತರದ್ದು. 'ವಿಲ್ಡರ್‌ನೆಸ್ ಲೋರ್' ಎಂಬ ಕೌಶಲದ ಹೆಸರು ಕಂಡರೂ ಅದು 3.0, 3.5ರಲ್ಲಿ ಅದೇ 'ಸರ್ವೈವಲ್' ಆಯಿತು.

ಎರಡನೇ ಹೆಜ್ಜೆ: ಕೊರತೆಯನ್ನು ಒಂದು ಸಾಲಿನಲ್ಲಿ ಬರೆಯುವುದು

ಪುಸ್ತಕದ ಹುಡುಕಾಟಕ್ಕೆ ಇಳಿಯುವ ಮುನ್ನ ನಿಮ್ಮ ಆಟದಲ್ಲಿ ಏನು ಸಾಲುತ್ತಿಲ್ಲ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಮರುಭೂಮಿಯ ಪೇಟೆಯೊಂದರಲ್ಲಿ ನಡೆಯುವ ಮೂರು ರಾತ್ರಿಗಳ ಸಾಹಸ ಬೇಕು' ಎಂಬುದು ಸರಿಯಾದ ಸಾಲು (ಸಾಹಸ ಎಂದರೆ ಆಡಲು ಸಿದ್ಧವಾಗಿ ಬರೆದ ಕಥೆ). 'ಒಳ್ಳೆಯ ಹಳೆಯ ಪುಸ್ತಕಗಳು ಬೇಕು' ಎಂಬುದು ಸಾಲೇ ಅಲ್ಲ, ಅದು ಚಪಲ. ಚಪಲಕ್ಕೆ ಕೊಂಡ ಪುಸ್ತಕಗಳೇ ನನ್ನ ಟ್ರಂಕಿನ ತಳದಲ್ಲಿವೆ. ಬರೆದ ಸಾಲನ್ನು ತಂಡದವರಿಗೆ ಓದಿ ಹೇಳಿರಿ. ಅದನ್ನು ಕೇಳಿದಾಗ ಅವರ ಮುಖ ಅರಳದಿದ್ದರೆ ಹಣ ಉಳಿಯಿತು.

ಮೂರನೇ ಹೆಜ್ಜೆ: ಪುಸ್ತಕದ ಬಗೆಯನ್ನು ನೋಡಿ ತೂಗುವುದು

ಪೂರಕ ಪುಸ್ತಕ ಎಂಬ ಒಂದೇ ಹೆಸರಿನಡಿಯಲ್ಲಿ ಹಲವು ಬಗೆಯ ಸರಕು ಬರುತ್ತದೆ, ಮತ್ತು ಆವೃತ್ತಿ ಬದಲಾದಾಗ ಅವೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಎಲ್ಲಕ್ಕಿಂತ ಬೇಗ ಕೆಲಸಕ್ಕೆ ಬಾರದಾಗುವುದು ಆಟಗಾರರಿಗಾಗಿ ಬರೆದ ಪುಸ್ತಕ: ಹೊಸ ವರ್ಗಗಳು (ಪಾತ್ರದ ಕಸುಬುಗಳು), ಹೊಸ ಫೀಟ್‌ಗಳು (ಪಾತ್ರದ ವಿಶೇಷ ಕೈಚಳಕಗಳು), ಹೊಸ ಮಂತ್ರಗಳು, ಪಾತ್ರವನ್ನು ಕಟ್ಟುವ ಹೊಸ ಬಗೆಗಳು. ಇಂತಹ ಪುಸ್ತಕದ ಪ್ರತಿ ಪುಟವೂ ಆ ಆವೃತ್ತಿಯ ಲೆಕ್ಕಕ್ಕೆ ಮೊಳೆ ಹೊಡೆದಂತೆ ಅಂಟಿಕೊಂಡಿರುತ್ತದೆ. ಮೂರನೇ ಆವೃತ್ತಿಯ ಫೀಟ್ ಒಂದನ್ನು ಐದನೆಯದಕ್ಕೆ ತರಲು ಹೊರಟರೆ ಹೆಸರು ಮಾತ್ರ ಉಳಿದು ಮಿಕ್ಕಿದ್ದೆಲ್ಲವನ್ನೂ ನೀವೇ ಬರೆಯಬೇಕಾಗುತ್ತದೆ. ನೀವು ಆಡುವ ಆವೃತ್ತಿಯದೇ ಅಲ್ಲದ ಆಟಗಾರರ ಪುಸ್ತಕವನ್ನು ಕೊಳ್ಳಬೇಡಿ ಎಂಬುದು ನನ್ನ ನೇರ ಸಲಹೆ. ಇದಕ್ಕೆ ಇರುವ ಒಂದು ವಿನಾಯಿತಿಯನ್ನು ಮುಂದೆ ಹೇಳಿದ್ದೇನೆ.

ಮಾನ್ಸ್ಟರ್ ಪುಸ್ತಕಗಳು ನಡುವಿನವು. ಅಂಕಿಗಳು ಸಾಯುತ್ತವೆ, ಆದರೆ ಆ ಜೀವಿ ಎಲ್ಲಿ ವಾಸಿಸುತ್ತದೆ, ಏನನ್ನು ತಿನ್ನುತ್ತದೆ, ಯಾರಿಗೆ ಹೆದರುತ್ತದೆ ಎಂಬ ಬರಹ ಉಳಿಯುತ್ತದೆ. ಈ ದೃಷ್ಟಿಯಿಂದ ಎರಡನೇ ಆವೃತ್ತಿಯ ಮಾನ್ಸ್ಟರ್ ಪುಟಗಳಿಗೆ ಸಾಟಿಯಿಲ್ಲ; ಅಲ್ಲಿ ಸಾಮಾನ್ಯವಾಗಿ ಒಂದು ಜೀವಿಗೆ ಒಂದು ಇಡೀ ಪುಟವಿದ್ದು, ವಾಸಸ್ಥಾನ ಮತ್ತು ಸಮಾಜ, ಪರಿಸರದಲ್ಲಿ ಅದರ ಸ್ಥಾನ ಎಂಬ ಪ್ರತ್ಯೇಕ ಭಾಗಗಳಿರುತ್ತವೆ.

ಇನ್ನು ಲೋಕಗಳನ್ನೂ ಊರುಗಳನ್ನೂ ವರ್ಣಿಸುವ ಪುಸ್ತಕಗಳು ಮತ್ತು ಸಾಹಸಗಳು. ಹಣ ಕೊಡಬೇಕಾದದ್ದು ಇವಕ್ಕೆ. ಒಂದು ಪೇಟೆಯ ನಕ್ಷೆ, ಅಲ್ಲಿಯ ಮೂರು ವರ್ತಕ ಮನೆತನಗಳ ಜಗಳ, ಬಾವಿಯ ತಳದಲ್ಲಿ ಅಡಗಿದ ಗುಟ್ಟು, ಇವುಗಳಿಗೆ ಆವೃತ್ತಿಯ ಹಂಗಿಲ್ಲ. ಎರಡನೇ ಆವೃತ್ತಿಯ ಕಾಲದಲ್ಲಿ ಟಿಎಸ್ಆರ್ ಇಂತಹ ಲೋಕಗಳನ್ನು ಸಾಲುಸಾಲಾಗಿ ಹೊರತಂದಿತು: 1991ರ ಡಾರ್ಕ್ ಸನ್, 1992ರ ಅಲ್-ಖಾದಿಮ್, 1994ರ ಪ್ಲೇನ್‌ಸ್ಕೇಪ್ ಅವುಗಳಲ್ಲಿ ಕೆಲವು. ಡಾರ್ಕ್ ಸನ್ ಎಂಬುದು ನೀರಿಲ್ಲದ, ಲೋಹ ವಿರಳವಾದ, ಬಿಸಿಲು ಬೇಯಿಸುವ ಲೋಕ. ಯಾದಗಿರಿಯಿಂದ ಬರುವ ನಮ್ಮ ಗೆಳೆಯ ಅದರ ಮೊದಲ ಪುಟಗಳನ್ನು ಓದಿ 'ಇದನ್ನು ಕಲ್ಪಿಸಿಕೊಳ್ಳಲು ಪುಸ್ತಕ ಯಾಕೆ ಬೇಕು, ಏಪ್ರಿಲ್‌ನಲ್ಲಿ ನಮ್ಮೂರಿಗೆ ಬರ್ರಿ' ಎಂದಿದ್ದ.

ಅಲ್-ಖಾದಿಮ್ ಕುರಿತು ಒಂದು ಎಚ್ಚರಿಕೆಯ ಮಾತು. ಬೀದರಿನ ಕೋಟೆ, ಮಹಮೂದ್ ಗವಾನನ ಮದರಸಾ, ಬರೀದ್ ಶಾಹಿ ಗೋರಿಗಳ ನಡುವೆ ಬೆಳೆದವರಿಗೆ ಬಹಮನಿ ಕಾಲದ ಕಥೆಯೊಂದನ್ನು ಆಡಬೇಕೆಂಬ ಆಸೆ ಸಹಜ, ಮತ್ತು ಕಮಾನುಗಳೂ ಜಿನ್ನಿಗಳೂ ಇರುವ ಆ ಪೆಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದು ಅರೇಬಿಯಾದ ಕಥೆಗಳಿಂದ ಕಟ್ಟಿದ ಕಲ್ಪನೆ. ಪಾರ್ಸಿ, ದಖನಿ, ಕನ್ನಡ, ಮರಾಠಿ, ತೆಲುಗು ಒಂದೇ ಪೇಟೆಯಲ್ಲಿ ಕೇಳಿಬರುವ ದಖ್ಖನ್ ಅದರಲ್ಲಿ ಇಲ್ಲ. ಅದರಿಂದ ಸಾರ್ಥವಾಹಗಳ ಪಯಣ, ಪೇಟೆಯ ಚೌಕಾಸಿ, ಜಿನ್ನಿಯ ಜೊತೆಗಿನ ಕರಾರು ಇಷ್ಟನ್ನು ತೆಗೆದುಕೊಳ್ಳಿ. ಊರನ್ನು ನಿಮ್ಮೂರಿನಿಂದಲೇ ತನ್ನಿ.

ನಾಲ್ಕನೇ ಹೆಜ್ಜೆ: ಲೆಕ್ಕದ ಪರೀಕ್ಷೆ

ಕೊಳ್ಳಬೇಕೆಂದಿರುವ ಸಾಹಸದಿಂದ ಒಂದು ಕೋಣೆಯನ್ನು ಆರಿಸಿ, ಅದನ್ನು ನಿಮ್ಮ ಆವೃತ್ತಿಗೆ ತಂದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿರಿ. ಇದನ್ನು ಬಿಟ್ಟು ಬೇರೆ ಯಾವ ಹೆಜ್ಜೆಯನ್ನು ಹಾರಿದರೂ ನಡೆದೀತು. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ.

ಹಳೆಯ ಸಾಹಸವೊಂದರ ಗುಹೆಯಲ್ಲಿ ಆರು ಓಗರ್‌ಗಳಿವೆ (ಅವು ದೈತ್ಯ ರಾಕ್ಷಸರು) ಎಂದುಕೊಳ್ಳಿ. ಎರಡನೇ ಆವೃತ್ತಿಯಲ್ಲಿ ಓಗರ್‌ನ ಆರ್ಮರ್ ಕ್ಲಾಸ್ 5, ಹಿಟ್ ಡೈಸ್ 4+1, ಥ್ಯಾಕೊ 17. ಆರ್ಮರ್ ಕ್ಲಾಸ್ ಎಂದರೆ ರಕ್ಷಣೆಯ ಅಂಕಿ, ಅಲ್ಲಿ ಅದು ಇಳಿದಷ್ಟೂ ರಕ್ಷಣೆ ಹೆಚ್ಚು; ಹಿಟ್ ಡೈಸ್ ಎಂದರೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಂಕ) ಗೊತ್ತುಮಾಡಲು ಎಸೆಯುವ ಎಂಟು ಮುಖದ ದಾಳಗಳು. ಥ್ಯಾಕೊ ಎಂದರೆ ಆರ್ಮರ್ ಕ್ಲಾಸ್ 0 ಇರುವ ಎದುರಾಳಿಗೆ ಪೆಟ್ಟು ತಗುಲಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಸಂಖ್ಯೆ. ಇವನ್ನು ಹೊಸ ಬಗೆಗೆ ತಿರುಗಿಸಲು ಎರಡನ್ನೂ 20ರಿಂದ ಕಳೆದರೆ ಸಾಕು: ಆರ್ಮರ್ ಕ್ಲಾಸ್ 15, ದಾಳಿಯ ಬೋನಸ್ +3. ಬೇಸಿಕ್ ಕವಲಿನ ಪುಸ್ತಕವಾದರೆ ಆರ್ಮರ್ ಕ್ಲಾಸನ್ನು 19ರಿಂದ ಕಳೆಯಬೇಕು, ಏಕೆಂದರೆ ಅಲ್ಲಿ ಕವಚವಿಲ್ಲದವನ ಅಂಕಿ 10 ಅಲ್ಲ, 9. ಎಂಟು ಮುಖದ ದಾಳದ ಸರಾಸರಿ 4.5 ಆಗಿರುವುದರಿಂದ ನಾಲ್ಕು ದಾಳಗಳಿಗೆ 18, ಮೇಲೊಂದು ಸೇರಿ ಓಗರ್‌ನ ಹಿಟ್ ಪಾಯಿಂಟ್ ಸುಮಾರು 19.

ಈಗ 2014ರ ಐದನೇ ಆವೃತ್ತಿಯ ಓಗರ್‌ನ್ನು ನೋಡಿ: ಆರ್ಮರ್ ಕ್ಲಾಸ್ 11, ಹಿಟ್ ಪಾಯಿಂಟ್ 59, ದಾಳಿಗೆ +6, ಒಂದು ಪೆಟ್ಟಿಗೆ ಸರಾಸರಿ 13. ಸೂತ್ರದಿಂದ ಬಂದ ಓಗರ್‌ಗೆ ಪೆಟ್ಟು ತಗುಲಿಸುವುದು ಕಷ್ಟ, ಆದರೆ ತಗುಲಿದರೆ ಬೇಗ ಸಾಯುತ್ತದೆ. ಹೊಸ ಓಗರ್‌ಗೆ ಯಾರು ಬೇಕಾದರೂ ಹೊಡೆಯಬಹುದು, ಆದರೆ ಅದು ಬೀಳುವುದಿಲ್ಲ. ಎರಡೂ ಬೇರೆಬೇರೆ ಬಗೆಯ ಕಾಳಗ. ಆದ್ದರಿಂದ ಸೂತ್ರವನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು, ಹೊಸ ಪುಸ್ತಕದಲ್ಲಿ ಅದೇ ಜೀವಿ ಇದ್ದರೆ ಅದರ ಅಂಕಿಗಳನ್ನು ಹಾಗೆಯೇ ಬಳಸಿರಿ. ಇಲ್ಲದಿದ್ದರೆ ಹತ್ತಿರದ ಇನ್ನೊಂದರ ಅಂಕಿಗಳಿಗೆ ಹಳೆಯ ಜೀವಿಯ ರೂಪವನ್ನು ತೊಡಿಸಿರಿ.

ಅಷ್ಟಕ್ಕೆ ಮುಗಿಯಲಿಲ್ಲ, ಎಣಿಕೆಯನ್ನೂ ನೋಡಬೇಕು. ಐದನೇ ಆವೃತ್ತಿಯಲ್ಲಿ ಒಂದು ಓಗರ್‌ಗೆ 450 ಅನುಭವ ಅಂಕಗಳು. ಆರಕ್ಕೆ 2700, 2014ರ ನಿಯಮದ ಪ್ರಕಾರ ಮೂರರಿಂದ ಆರು ಎದುರಾಳಿಗಳಿದ್ದರೆ ಕಾಳಗದ ಕಠಿಣತೆಯನ್ನು ಅಳೆಯುವಾಗ ಇದನ್ನು ಎರಡರಿಂದ ಗುಣಿಸಬೇಕು, ಅಂದರೆ 5400. ಮೂರನೇ ಲೆವೆಲ್‌ನ (ಬಲದ ಮೂರನೇ ಹಂತದ) ನಾಲ್ಕು ಪಾತ್ರಗಳಿಗೆ 'ಪ್ರಾಣಾಂತಿಕ' ಎನ್ನುವ ಗಡಿ ತಲಾ 400ರಂತೆ 1600. ಹಳೆಯ ಪುಸ್ತಕದ ಗುಹೆಯನ್ನು ಹಾಗೆಯೇ ಇಟ್ಟರೆ ತಂಡ ಅಲ್ಲಿಗೇ ಮುಗಿಯಿತು. ಎರಡು ಓಗರ್‌ಗಳಾದರೆ 900ನ್ನು ಒಂದೂವರೆಯಿಂದ ಗುಣಿಸಿ 1350. ಕಠಿಣ, ಆದರೆ ಗೆಲ್ಲಬಹುದಾದದ್ದು. ಉಳಿದ ನಾಲ್ಕು ಬೇಟೆಗೆ ಹೋಗಿವೆ ಎಂದರೆ ಗುಹೆಗೆ ಒಂದು ಗಡುವೂ ಸಿಕ್ಕಂತಾಯಿತು. ಇಲ್ಲಿ ಇನ್ನೊಂದು ವಿಷಯ ನೆನಪಿಡಬೇಕು: ಹಳೆಯ ಅನೇಕ ಸಾಹಸಗಳು ಆರು ಅಥವಾ ಅದಕ್ಕಿಂತ ಹೆಚ್ಚು ಪಾತ್ರಗಳನ್ನು, ಜೊತೆಗೆ ಕೂಲಿಗೆ ಬಂದ ಆಳುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು, ಮತ್ತು ಅಲ್ಲಿ ಎದುರಾಳಿಯನ್ನು ಕಂಡು ಓಡಿಹೋಗುವುದು ಅವಮಾನವಾಗಿರಲಿಲ್ಲ.

ಒಂದು ಕೋಣೆಗೆ ಇಷ್ಟು ತಿದ್ದುಪಡಿ ಹಿಡಿಯುವುದಾದರೆ ನಲವತ್ತು ಕೋಣೆಗಳಿಗೆ ಎಷ್ಟು ಎಂದು ಗುಣಿಸಿ ನೋಡಿರಿ. ಒಂದು ರಾತ್ರಿಯ ಆಟಕ್ಕೆ ಒಂದು ತಾಸಿನ ತಯಾರಿಯನ್ನು ಮೀರಿದರೆ ಆ ಪುಸ್ತಕ ಬೇಡ. ಇದು ನನ್ನ ಮಿತಿ, ನಿಮ್ಮದು ಬೇರೆ ಇರಬಹುದು, ಆದರೆ ಒಂದು ಮಿತಿ ಇರಬೇಕು.

ಲೆಕ್ಕದ ಪರೀಕ್ಷೆಯಲ್ಲಿ ಕಣ್ತಪ್ಪಿಸುವ ಮೂರು ಸಣ್ಣ ಸಂಗತಿಗಳಿವೆ. ಮೊದಲನೆಯದು ಬಂಗಾರ. ಮೊದಲ ಆವೃತ್ತಿಯಲ್ಲಿ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದು ಅನುಭವ ಅಂಕ ಸಿಗುತ್ತಿದ್ದುದರಿಂದ ಆ ಕಾಲದ ಸಾಹಸಗಳಲ್ಲಿ ಹೊನ್ನು ಸುರಿಯುತ್ತದೆ. ಅದನ್ನು ಐದನೆಯದರಲ್ಲಿ ಹಾಗೆಯೇ ಕೊಟ್ಟರೆ ಎರಡನೇ ವಾರಕ್ಕೆ ಪಾತ್ರಗಳು ಸಾಹುಕಾರರಾಗುತ್ತವೆ. ನಾನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತೇನೆ. ಎರಡನೆಯದು ಅಳತೆ. ಮೊದಲ ಆವೃತ್ತಿಯಲ್ಲಿ ನಡಿಗೆಯ ವೇಗವನ್ನು ಇಂಚುಗಳಲ್ಲಿ ಬರೆಯಲಾಗಿದೆ. ಒಂದು ಇಂಚು ಎಂದರೆ ಒಳಾಂಗಣದಲ್ಲಿ 10 ಅಡಿ, ಬಯಲಿನಲ್ಲಿ 10 ಗಜ. ಮೂರನೆಯದು ಕಾಲ: ಅಲ್ಲಿ ಒಂದು ಸುತ್ತು ಎಂದರೆ ಒಂದು ನಿಮಿಷ, ಮೂರನೇ ಮತ್ತು ಐದನೇ ಆವೃತ್ತಿಗಳಲ್ಲಿ 6 ಸೆಕೆಂಡು. 'ಹತ್ತು ಸುತ್ತುಗಳಲ್ಲಿ ನೀರು ತುಂಬುತ್ತದೆ' ಎಂಬ ಸಾಲನ್ನು ನಾನು ಗಮನಿಸದೆ ಓದಿದ್ದರಿಂದ ಹತ್ತು ನಿಮಿಷದ ಗಡುವು ಒಂದು ನಿಮಿಷಕ್ಕೆ ಇಳಿದು, ಅಂದು ರಾತ್ರಿ ಮೂವರ ಪಾತ್ರಗಳು ಮುಳುಗಿದವು.

ಐದನೇ ಹೆಜ್ಜೆ: ಯಾವ ಆವೃತ್ತಿಯಿಂದ ಏನು ಎತ್ತಿಕೊಳ್ಳಬೇಕು

ಬೇಸಿಕ್ ಕವಲು ಮತ್ತು ಮೊದಲ ಆವೃತ್ತಿಯಿಂದ ಸಾಹಸಗಳನ್ನು ಎತ್ತಿಕೊಳ್ಳಿ. ಬೇಸಿಕ್ ಕವಲಿನವುಗಳಲ್ಲಿ ಅನೇಕವು ಮೂವತ್ತು ನಲವತ್ತು ಪುಟಗಳ ತೆಳು ಪುಸ್ತಿಕೆಗಳು. ಅಂಕಿಗಳು ಕಡಿಮೆ, ಆದ್ದರಿಂದ ತಿದ್ದುವುದೂ ಕಡಿಮೆ. ಹೊಸದಾಗಿ ಆರಂಭಿಸುವವರು ಹಳೆಯ ಸಾಹಸವನ್ನು ತಿದ್ದುವ ಬದಲು ಹಳೆಯ ನಿಯಮಗಳಲ್ಲಿಯೇ ಆಡಬಹುದು. ಮೊದಲ ಆವೃತ್ತಿಯ ನಿಯಮಗಳನ್ನು ಹೊಸದಾಗಿ ಬರೆದುಕೊಟ್ಟ ಓಸ್ರಿಕ್ 2006ರಲ್ಲಿ ಬಂತು. ಬೇಸಿಕ್ ಫ್ಯಾಂಟಸಿ ಎಂಬ ಇನ್ನೊಂದು ನಿಯಮಪುಸ್ತಕ ಪಿಡಿಎಫ್ ರೂಪದಲ್ಲಿ ಉಚಿತ, ಮತ್ತು ಅದರಲ್ಲಿ ಆರ್ಮರ್ ಕ್ಲಾಸ್ ಈಗಿನಂತೆ ಏರುತ್ತಾ ಹೋಗುತ್ತದೆ. ಇವುಗಳಲ್ಲಿ ಒಂದನ್ನು ಇಟ್ಟುಕೊಂಡರೆ ನಾಲ್ಕನೇ ಹೆಜ್ಜೆಯ ಬಹುಪಾಲು ಶ್ರಮ ತಪ್ಪುತ್ತದೆ.

ಎರಡನೇ ಆವೃತ್ತಿಯಿಂದ ಲೋಕಗಳನ್ನೂ ಮಾನ್ಸ್ಟರ್‌ಗಳ ಬರಹವನ್ನೂ ಎತ್ತಿಕೊಳ್ಳಿ. ಆ ಕಾಲದ ಸಾಹಸಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅವುಗಳಲ್ಲಿ ಹಲವು ಆಟಗಾರರನ್ನು ಹಳಿಯ ಮೇಲಿನ ಬಂಡಿಯಂತೆ ಒಂದೇ ದಾರಿಯಲ್ಲಿ ತಳ್ಳುತ್ತವೆ.

ಮೂರನೆಯದು ದೊಡ್ಡ ಕಾಡು. 2000ದಲ್ಲಿ ಮುಕ್ತ ಪರವಾನಗಿ ಬಂದದ್ದರಿಂದ ಯಾರು ಬೇಕಾದರೂ ಪೂರಕ ಪುಸ್ತಕ ಪ್ರಕಟಿಸುವಂತಾಗಿ ಒಳ್ಳೆಯದೂ ಜೊಳ್ಳೂ ರಾಶಿ ಬಿದ್ದಿತು. ನಿಯಮಗಳೇ ಹೆಚ್ಚಾಗಿರುವ ಈ ಪುಸ್ತಕಗಳು ಐದನೆಯದನ್ನು ಆಡುವವರಿಗೆ ಅಷ್ಟಾಗಿ ಒದಗುವುದಿಲ್ಲ. ಆದರೆ ನಿಮ್ಮ ತಂಡ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ 2009ರ ಮೊದಲ ಆವೃತ್ತಿಯನ್ನು ಆಡುತ್ತಿದ್ದರೆ ಮಾತು ಬೇರೆ: ಅದು 3.5ರ ನಿಯಮಗಳ ಮೇಲೆಯೇ ನಿಂತಿರುವುದರಿಂದ ಆಟಗಾರರ ಪುಸ್ತಕಗಳೂ ಸಣ್ಣ ತಿದ್ದುಪಡಿಯೊಂದಿಗೆ ನಡೆಯುತ್ತವೆ. ಮೊದಲೇ ಹೇಳಿದ ವಿನಾಯಿತಿ ಇದೇ. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಗೆ ಇದು ಅನ್ವಯಿಸುವುದಿಲ್ಲ.

ನಾಲ್ಕನೇ ಆವೃತ್ತಿಯನ್ನು ಬಯ್ಯುವುದು ಆಟಗಾರರಲ್ಲಿ ರೂಢಿಯಾಗಿದೆ. ಅದರ ಕಾಳಗದ ನಕ್ಷೆಗಳು ಮಾತ್ರ ಇಂದಿಗೂ ಚೊಕ್ಕ, ಐದು ಅಡಿಯ ಚೌಕಗಳಲ್ಲಿ ಬಿಡಿಸಿದವು, ನೇರವಾಗಿ ಬಳಸಬಹುದು. ಅಲ್ಲಿ 30 ಲೆವೆಲ್‌ಗಳಿವೆ, ಐದನೆಯದರಲ್ಲಿ 20. ಆದ್ದರಿಂದ ಸಾಹಸದ ಲೆವೆಲನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನಾಲ್ಕನೆಯದನ್ನೇ ಆಡುವವರು ಮಾನ್ಸ್ಟರ್ ಪುಸ್ತಕ ಕೊಳ್ಳುವಾಗ 2010ರ ಮೂರನೇ ಸಂಪುಟದಿಂದ ಈಚಿನವನ್ನು ಆರಿಸಬೇಕು. ಅಲ್ಲಿಂದ ಮುಂದೆ ಪೆಟ್ಟಿನ ಲೆಕ್ಕವನ್ನು ತಿದ್ದಲಾಗಿದೆ, ಕಾಳಗಗಳು ರಬ್ಬರಿನಂತೆ ಎಳೆಯುವುದಿಲ್ಲ.

ಈಗ ಹೆಚ್ಚು ಜನರಿಗೆ ಎದುರಾಗುವ ಪ್ರಶ್ನೆ: 2024ರ ಮೂಲ ಪುಸ್ತಕಗಳನ್ನು ಕೊಂಡವರು 2014ರಿಂದ ಬಂದ ಪೂರಕ ಪುಸ್ತಕಗಳನ್ನು ಇಟ್ಟುಕೊಳ್ಳಬಹುದೇ? ಇಟ್ಟುಕೊಳ್ಳಬಹುದು, ಮೂರು ತಿದ್ದುಪಡಿಗಳೊಂದಿಗೆ. ಹೊಸ ನಿಯಮದಲ್ಲಿ ಎಲ್ಲ ವರ್ಗಗಳಿಗೂ ಉಪವರ್ಗ ಸಿಗುವುದು ಮೂರನೇ ಲೆವೆಲ್‌ನಲ್ಲಿ. ಹಳೆಯ ಪುಸ್ತಕದ ಕ್ಲೆರಿಕ್, ವಾರ್ಲಾಕ್, ಸಾರ್ಸರರ್ ಉಪವರ್ಗಗಳು ಒಂದನೆಯದರಲ್ಲಿ, ಡ್ರೂಯಿಡ್ ಮತ್ತು ವಿಝರ್ಡ್ ಉಪವರ್ಗಗಳು ಎರಡನೆಯದರಲ್ಲಿ ಕೊಡುವ ಶಕ್ತಿಗಳನ್ನು ಮೂರನೆಯದಕ್ಕೆ ಮುಂದೂಡಬೇಕು. ಹೊಸದರಲ್ಲಿ ಸಾಮರ್ಥ್ಯದ ಅಂಕಗಳನ್ನು ಹೆಚ್ಚಿಸುವುದು ಪಾತ್ರದ ಹಿನ್ನೆಲೆಯೇ ಹೊರತು ಅದರ ಜನಾಂಗ (ಎಲ್ಫ್, ಡ್ವಾರ್ಫ್ ಇತ್ಯಾದಿ) ಅಲ್ಲ. ಹಳೆಯ ಹಿನ್ನೆಲೆಯನ್ನು ಬಳಸುವಾಗ ಒಂದಕ್ಕೆ +2, ಇನ್ನೊಂದಕ್ಕೆ +1 ಕೊಟ್ಟು, ಇಲ್ಲವೇ ಮೂರಕ್ಕೆ ತಲಾ +1 ಕೊಟ್ಟು, ಒಂದು ಆರಂಭಿಕ ಫೀಟ್ ಸೇರಿಸಬೇಕು, ಹಳೆಯ ಜನಾಂಗದ ಅಂಕಗಳನ್ನು ಬಿಡಬೇಕು. ಒಂದೇ ಹೆಸರಿನ ಮಂತ್ರ ಎರಡೂ ಕಡೆ ಇದ್ದರೆ ಹೊಸದನ್ನೇ ಹಿಡಿಯಬೇಕು.

ಎಲ್ಲ ಆಟಗಳೂ ಹೀಗೆ ಕಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಲ್ ಆಫ್ ಕತುಲು 1981ರಲ್ಲಿ ಬಂದ, ಇದೇ ಬಗೆಯ ಇನ್ನೊಂದು ಆಟ. 2014ರ ಏಳನೇ ಆವೃತ್ತಿಯಲ್ಲಿ ಪಾತ್ರದ ಮೂಲ ಗುಣಾಂಕಗಳನ್ನು ಐದರಿಂದ ಗುಣಿಸಲಾಯಿತು, ಕೌಶಲಗಳು ಮೊದಲಿನಂತೆ ಶೇಕಡಾವಾರಿನಲ್ಲಿಯೇ ಉಳಿದವು. ಹಾಗಾಗಿ ಅದರ ಹಳೆಯ ಸಾಹಸಗಳನ್ನು ಪೆನ್ಸಿಲ್ ಹಿಡಿದು ಓದುತ್ತಲೇ ತಿದ್ದಿಕೊಳ್ಳಬಹುದು.

ಆರನೇ ಹೆಜ್ಜೆ: ನಮ್ಮ ಮಾತಿಗೆ ಒಗ್ಗುತ್ತದೆಯೇ ಎಂದು ನೋಡುವುದು

ಈ ಹೆಜ್ಜೆ ಇಂಗ್ಲಿಷಿನಲ್ಲೇ ಆಡುವವರಿಗೆ ಬೇಕಿಲ್ಲ, ನಮಗೆ ಬೇಕು. ನಮ್ಮ ಮಾಳಿಗೆಯ ಆಟ ನಡೆಯುವುದು ಕನ್ನಡದಲ್ಲಿ, ನಡುನಡುವೆ ದಖನಿಯಲ್ಲಿ. ನಿಯಮದ ಪದಗಳು ಮಾತ್ರ ಇಂಗ್ಲಿಷಿನವು. ಹಳೆಯ ಸಾಹಸಗಳಲ್ಲಿ ಆಟಗಾರರಿಗೆ ಗಟ್ಟಿಯಾಗಿ ಓದಿ ಹೇಳಲೆಂದು ಚೌಕಟ್ಟಿನೊಳಗೆ ಬರೆದ ಭಾಗಗಳಿರುತ್ತವೆ. ಅರ್ಧ ಪುಟದ ಆ ಅಲಂಕಾರದ ಇಂಗ್ಲಿಷನ್ನು ಕೂತಲ್ಲೇ ಕನ್ನಡಕ್ಕೆ ತಿರುಗಿಸಲು ಹೊರಟರೆ ಡಂಜನ್ ಮಾಸ್ಟರ್ ತಡವರಿಸುತ್ತಾನೆ, ಆಟಗಾರರು ಮೊಬೈಲ್ ತೆಗೆಯುತ್ತಾರೆ. ಪುಸ್ತಕದ ಯಾವುದಾದರೂ ಒಂದು ಕೋಣೆಯ ವಿವರವನ್ನು ಓದಿ, ಪುಸ್ತಕ ಮುಚ್ಚಿ, ಅದನ್ನು ಮನೆಯವರಿಗೆ ನಾಲ್ಕು ಮಾತಿನಲ್ಲಿ ಹೇಳಿ ನೋಡಿರಿ. ಹೇಳಲು ಬಂದರೆ ಪುಸ್ತಕ ನಿಮ್ಮದು. ಈ ಕಾರಣಕ್ಕಾಗಿ ಸಂಕ್ಷಿಪ್ತವಾಗಿ ಬರೆದ ಬೇಸಿಕ್ ಕಾಲದ ಪುಸ್ತಿಕೆಗಳು, ಮಾತು ಹೆಚ್ಚಾದ 1990ರ ದಶಕದ ಸಾಹಸಗಳಿಗಿಂತ ನಮ್ಮ ತಂಡದಲ್ಲಿ ಚೆನ್ನಾಗಿ ನಡೆದಿವೆ.

ಒಗ್ಗುವ ಪ್ರಶ್ನೆ ಭಾಷೆಗೆ ಮಾತ್ರ ಸೇರಿದ್ದಲ್ಲ. 1980ರಲ್ಲಿ ಬಂದ ದೇವತೆಗಳ ಪೂರಕ ಪುಸ್ತಕದಲ್ಲಿ ಭಾರತದ ಪುರಾಣಗಳಿಗೆ ಒಂದು ಅಧ್ಯಾಯವಿದೆ; ಅಲ್ಲಿ ಇಂದ್ರ, ಅಗ್ನಿ, ವರುಣರಿಗೂ ಆರ್ಮರ್ ಕ್ಲಾಸ್ ಮತ್ತು ಹಿಟ್ ಪಾಯಿಂಟ್‌ಗಳನ್ನು ಕೊಡಲಾಗಿದೆ. ಬೇರೆ ದೇಶದವರಿಗೆ ಅದು ಕುತೂಹಲ. ಶರಣಬಸವೇಶ್ವರರ ಜಾತ್ರೆಗೂ ಬಂದೇ ನವಾಜರ ಉರುಸಿಗೂ ಹೋಗಿಬರುವ ಮನೆಗಳ ಹುಡುಗರು ಸೇರಿ ಆಡುವಾಗ, ಪೂಜೆ ಪಡೆಯುವ ದೇವರಿಗೆ ಎಷ್ಟು ಪೆಟ್ಟು ಬಿದ್ದರೆ ಸಾಯುತ್ತಾನೆ ಎಂಬ ಲೆಕ್ಕ ಯಾರಿಗಾದರೂ ನೋಯಿಸಬಹುದು. ಮೊದಲೇ ಕೇಳಿರಿ. ಪೂರ್ವ ದೇಶಗಳನ್ನು ವಿಚಿತ್ರವೆಂಬಂತೆ ತೋರಿಸುವ ಹಳೆಯ ಪುಸ್ತಕಗಳ ಬಗ್ಗೆ ಪ್ರಕಾಶಕರೇ 2020ರಿಂದ ಮಾರಾಟದ ಪುಟಗಳಲ್ಲಿ ಎಚ್ಚರಿಕೆಯ ಸಾಲು ಸೇರಿಸಿದ್ದಾರೆ.

ಏಳನೇ ಹೆಜ್ಜೆ: ಕೊಳ್ಳುವುದು

ಹಳೆಯ ಟಿಎಸ್ಆರ್ ಪುಸ್ತಕಗಳ ಅಧಿಕೃತ ಪಿಡಿಎಫ್‌ಗಳು ಡ್ರೈವ್‌ಥ್ರೂಆರ್‌ಪಿಜಿ ಮತ್ತು 2016ರಲ್ಲಿ ಆರಂಭವಾದ ಡಿಎಂಎಸ್ ಗಿಲ್ಡ್ ತಾಣಗಳಲ್ಲಿ ಸಿಗುತ್ತವೆ. ಬೆಲೆ ಡಾಲರಿನಲ್ಲಿ ಇರುವುದರಿಂದ ನಿಮ್ಮ ಕಾರ್ಡಿನಲ್ಲಿ ವಿದೇಶಿ ಪಾವತಿ ತೆರೆದಿರಬೇಕು. ಮಾದರಿ ಪುಟಗಳಿದ್ದರೆ ತೆರೆದು, ನಕ್ಷೆಯ ಅಕ್ಷರ ಓದಲು ಬರುತ್ತದೆಯೇ ನೋಡಿರಿ; ಹಳೆಯ ಸ್ಕ್ಯಾನ್‌ಗಳಲ್ಲಿ ಮಸುಕಾಗುವುದು ಅದೇ. ಕದ್ದ ಪಿಡಿಎಫ್ ಪುಕ್ಕಟೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪುಕ್ಕಟೆಯೇ ಬೇಕಿದ್ದರೆ ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಗಿದೆ, ಅದನ್ನು ಇಳಿಸಿಕೊಳ್ಳಿ. ಕೊಂಡ ಪಿಡಿಎಫ್‌ನ ಎಲ್ಲ ಪುಟಗಳನ್ನು ಮುದ್ರಿಸುವ ಅಗತ್ಯವಿಲ್ಲ; ನಕ್ಷೆ ಮತ್ತು ಕೋಣೆಗಳ ವಿವರವನ್ನಷ್ಟೇ ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಸ್ಪೈರಲ್ ಹಾಕಿಸಿದರೆ ಸಾಕು.

ಮುದ್ರಿತ ಹಳೆಯ ಪ್ರತಿ ಬೇಕೆನ್ನುವವರಿಗೆ ನಮ್ಮ ಭಾಗದಲ್ಲಿ ಹತ್ತಿರದ ದಾರಿ ಹೈದರಾಬಾದಿನ ಅಬಿಡ್ಸ್‌ನ ಭಾನುವಾರದ ಪುಸ್ತಕದ ಸಾಲು. ಬೆಳಗಿನ ರೈಲು ಹಿಡಿದು ಹೋಗಿ ಬರಿಗೈಯಲ್ಲಿ ಬಂದ ದಿನಗಳೇ ನನಗೆ ಹೆಚ್ಚು, ಆದರೂ ಅಲ್ಲಿ ಪುಟ ತಿರುಗಿಸಿ ನೋಡುವ ಅವಕಾಶವಿದೆ. ಅಂಚೆಯಲ್ಲಿ ತರಿಸುವವರಿಗೆ ಅದಿಲ್ಲ. ಒಮ್ಮೆ ಒಬ್ಬ ಮಾರಾಟಗಾರನಿಂದ 'ಒಳ್ಳೆಯ ಸ್ಥಿತಿಯಲ್ಲಿದೆ' ಎಂಬ ಒಂದೇ ಮಾತು ನಂಬಿ ಎರಡನೇ ಆವೃತ್ತಿಯ ಲೋಕದ ಪೆಟ್ಟಿಗೆಯೊಂದನ್ನು ತರಿಸಿದೆ; ಪೆಟ್ಟಿಗೆ ನಿಜಕ್ಕೂ ಒಳ್ಳೆಯ ಸ್ಥಿತಿಯಲ್ಲಿತ್ತು, ಒಳಗೆ ದೊಡ್ಡ ನಕ್ಷೆಗಳೇ ಇರಲಿಲ್ಲ. ಅಂದಿನಿಂದ ಪೆಟ್ಟಿಗೆಯ ಹಿಂಬದಿಯ ಪಟ್ಟಿಯಲ್ಲಿರುವ ಒಂದೊಂದು ವಸ್ತುವಿನ ಫೋಟೋ ಕೇಳಿ ಪಡೆಯದೆ ಹಣ ಕಳಿಸುವುದಿಲ್ಲ. 1989ರ ಮಾನ್ಸ್ಟರ್ ಸಂಕಲನ ಬಿಡಿ ಹಾಳೆಗಳಾಗಿ ಬಂದದ್ದು, ಹಾಳೆ ಎಣಿಸಿ ನೋಡಬೇಕು. ಅದರ ಬದಲು 1993ರ ಗಟ್ಟಿ ರಟ್ಟಿನ ಸಂಪುಟ ಸಿಕ್ಕರೆ ಅದನ್ನೇ ಕೊಳ್ಳಿ. 1985ರ 'ಅನ್‌ಅರ್ಥ್ಡ್ ಆರ್ಕೇನಾ'ದ ಮೊದಲ ಮುದ್ರಣಗಳು ಹಾಳೆ ಉದುರುವುದಕ್ಕೆ ಕುಖ್ಯಾತವಾದವು. ನಮ್ಮ ಬಿಸಿಲಿಗೆ ಅಂಟು ಇನ್ನೂ ಬೇಗ ಬಿಡುತ್ತದೆ.

ಎಂಟನೇ ಹೆಜ್ಜೆ: ಒಂದು ರಾತ್ರಿಯ ಪ್ರಯೋಗ

ತಂದ ಪುಸ್ತಕವನ್ನು ನೇರವಾಗಿ ನಡೆಯುತ್ತಿರುವ ಕಥೆಗೆ ಸೇರಿಸಬೇಡಿ. ಮೊದಲು ಬಿಡಿಯಾದ ಒಂದು ರಾತ್ರಿ ಆಡಿ ನೋಡಿರಿ, ಮತ್ತು ಅದಕ್ಕೆ ಬೇಕಾದದ್ದೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ: ಬದಲಿ ಮಾನ್ಸ್ಟರ್‌ಗಳ ಹೆಸರು, ಹೊಸ ಪುಸ್ತಕದಲ್ಲಿ ಅವುಗಳ ಪುಟಸಂಖ್ಯೆ, ತಿದ್ದಿದ ಎಣಿಕೆ, ಇಳಿಸಿದ ಹೊನ್ನು, ಮತ್ತು ಹಳೆಯ ಐದು ಬಗೆಯ ಸೇವಿಂಗ್ ಥ್ರೋಗಳಿಗೆ (ಅಪಾಯದಿಂದ ಪಾರಾಗಲು ಎಸೆಯುವ ದಾಳಗಳಿಗೆ) ಈಗಿನ ಸಾಮರ್ಥ್ಯಗಳು. ವಿಷಕ್ಕೆ ಕಾನ್‌ಸ್ಟಿಟ್ಯೂಷನ್, ಡ್ರ್ಯಾಗನ್ ಉಸಿರಿಗೆ ಡೆಕ್ಸ್‌ಟೆರಿಟಿ, ಮನಸ್ಸನ್ನು ಹಿಡಿಯುವ ಮಂತ್ರಕ್ಕೆ ವಿಸ್ಡಂ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಆಟ ನಿಲ್ಲುವುದಿಲ್ಲ.

ನಮ್ಮ ಇಂತಹ ಪ್ರಯೋಗಗಳಲ್ಲಿ ಚೆನ್ನಾಗಿ ನಡೆದದ್ದು ಬೀದರಿನ ಗೆಳೆಯ ತಂದ ಉಪಾಯ. ಹಳೆಯ ಸಾಹಸವೊಂದರ ನೆಲಮಾಳಿಗೆಯ ನಕ್ಷೆ ಅವನಿಗೆ ಹಿಡಿಸಲಿಲ್ಲ; ಅದರ ಬದಲು ನೌಬಾದಿನ ಕಾರೇಜಿನ ಬಗೆಯಲ್ಲಿ, ನೆಲದಡಿ ಹರಿಯುವ ಒಂದೇ ಉದ್ದನೆಯ ಕಾಲುವೆಯನ್ನೂ ಅಲ್ಲಲ್ಲಿ ಅದಕ್ಕೆ ಇಳಿಯುವ ಬಾವಿಗಳನ್ನೂ ಬಿಡಿಸಿದ. ಹಳೆಯ ಪುಸ್ತಕದ ಕೋಣೆಗಳಲ್ಲಿ ಇದ್ದದ್ದನ್ನು ಬಾವಿಗೊಂದರಂತೆ ಹಂಚಿದೆವು. ಕವಲುಗಳಿಲ್ಲದ ಕಾರಣ ದಾರಿ ಯಾವುದೆಂಬ ಪ್ರಶ್ನೆಯೇ ಏಳಲಿಲ್ಲ. ಯಾವ ಬಾವಿಯಿಂದ ಇಳಿಯಬೇಕು, ಮೇಲಿರುವವರು ಹಗ್ಗ ಎಳೆಯುವ ಮುನ್ನ ಎಷ್ಟು ದೂರ ಹೋಗಬಹುದು ಎಂಬ ಚರ್ಚೆಯಲ್ಲಿ ರಾತ್ರಿ ಒಂದಾಯಿತು. ನಕ್ಷೆಗಾಗಿ ನಿಜವಾದ ಕಾರೇಜಿಗೆ ಯಾರೂ ಇಳಿಯುವುದು ಬೇಡ, ಮೇಲಿನಿಂದ ನೋಡಿ ಬಂದರೆ ಸಾಕು.

ಆಟ ಮುಗಿದ ಮೇಲೆ ಆ ತಿದ್ದುಪಡಿಯ ಹಾಳೆಯನ್ನು ಪುಸ್ತಕದ ಹಿಂಬದಿಯ ರಟ್ಟಿನೊಳಗೆ ಇಟ್ಟು, ಪುಸ್ತಕವನ್ನು ಟ್ರಂಕಿನಲ್ಲಿ ನಿಲ್ಲಿಸದೆ ಮಲಗಿಸಿ ಇಡಿ. ಟ್ರಂಕು ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಬೇಡ, ಮನೆಯ ತಂಪಾದ ಮೂಲೆಯಲ್ಲಿರಲಿ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಮಳೆಗಾಲ ಮುಗಿದ ಕೂಡಲೇ ಒಮ್ಮೆ ಎಲ್ಲವನ್ನೂ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ.